ತಂಬೂರಿಯ ತಂತಿಯೂ ಅಡಿಟಿಪ್ಪಣಿಯ ಹೆಸರೂ



ಹೋದ ತಿಂಗಳ ಸಂಚಿಕೆಯಲ್ಲಿ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಬರುವ ಸಂಖ್ಯಾನಾಮಗಳನ್ನು ಕುರಿತು ನಾಲ್ಕು ಮಾತು ಬರೆದಿದ್ದೆನಷ್ಟೆ. ಏಕ, ದಶ, ಶತ, ಸಹಸ್ರ, ಅಯುತ, ಲಕ್ಷ ಎಂದು ಒಂದೊಂದು ಮೆಟ್ಟಿಲಿಗೂ ಹತ್ತು ಮಡಿಯಾಗುತ್ತ ಏರುವ ಆ ಸೋಪಾನಪಂಕ್ತಿಯು ಪರಾರ್ಧದಲ್ಲಿ, ಎಂದರೆ ಒಂದರ ಮುಂದೆ ಹದಿನೇಳು ಸೊನ್ನೆಗಳನ್ನಿಟ್ಟ ಸಂಖ್ಯೆಯಲ್ಲಿ, ಕೊನೆಗಾಣುತ್ತದೆ. ಅದನ್ನೋದಿದ ಗೃಹಿಣಿಯೊಬ್ಬರು ಪತ್ರ ಬರೆದು, “ನಮ್ಮ ಮನೆಯ ಲೆಕ್ಕವು ಲಕ್ಷವನ್ನು ಮುಟ್ಟುವುದೇ ಅಪರೂಪ. ಅಂತ್ಯ, ಮಧ್ಯ, ಪರಾರ್ಧ ಎಂಬ ಈ ಹೆಸರುಗಳಿಂದ ಯಾರಿಗೇನು ಪ್ರಯೋಜನ? ಲೋಕದಲ್ಲಿ ಯಾರಾದರೂ ಅಷ್ಟನ್ನು ಎಣಿಸಿದ್ದುಂಟೆ?” ಎಂದು ಕೇಳಿದ್ದಾರೆ. ಪ್ರಶ್ನೆ ಸಮಂಜಸವಾದುದು, ಉತ್ತರ ಹೇಳುವುದು ನನ್ನ ಕರ್ತವ್ಯ.

ಎಣಿಸಿದ್ದುಂಟು, ಆದರೆ ಮನುಷ್ಯನಲ್ಲ, ಮನುಷ್ಯನು ಮಾಡಿದ ಯಂತ್ರ. ಅಮೆರಿಕ ಸಂಯುಕ್ತ ಸಂಸ್ಥಾನದ ಟೆನೆಸ್ಸಿ ಪ್ರಾಂತದಲ್ಲಿ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯವೆಂಬ ಸಂಸ್ಥೆಯುಂಟು. ಅಲ್ಲಿಯ ‘ಫ್ರಾಂಟಿಯರ್’ ಎಂಬ ಮಹಾಗಣಕವು 2022ರ ಮೇ ತಿಂಗಳಲ್ಲಿ ನಡೆದ ಪರೀಕ್ಷೆಯಲ್ಲಿ ಒಂದು ಸೆಕೆಂಡಿನೊಳಗೆ ಹತ್ತು ಪರಾರ್ಧಕ್ಕೂ ಮಿಕ್ಕ ಗುಣಾಕಾರ ಸಂಕಲನಗಳನ್ನು ಮಾಡಿ ಮುಗಿಸಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಚಾರ್ಯರ ಮೆಟ್ಟಿಲುಗಳೆಲ್ಲ ಮುಗಿದು ಇನ್ನೊಂದು ಮೆಟ್ಟಿಲು ಬೇಕಾಗುತ್ತದೆ. ಆದರೆ ಇಷ್ಟು ದೊಡ್ಡ ಸಂಖ್ಯೆಯನ್ನು ಹೇಳಿದ ಮಾತ್ರಕ್ಕೆ ಮನಸ್ಸಿಗೆ ಅರ್ಥವೇನೂ ಆಗುವುದಿಲ್ಲ. ಬೆರಗು ಮಾತ್ರ ಆಗುತ್ತದೆ. ಬೆರಗು ಅರಿವಲ್ಲ. ಲೆಕ್ಕದಿಂದ ಲೋಕದ ಮರ್ಮವೊಂದು ಹೇಗೆ ತಿಳಿಯುತ್ತದೆಂಬುದನ್ನು ಕಾಣಬೇಕಾದರೆ ದೊಡ್ಡ ಯಂತ್ರವನ್ನು ಬಿಟ್ಟು ಅದರ ಮುತ್ತಜ್ಜನ ಕಾಲಕ್ಕೆ ಹೋಗಬೇಕು. ಸೆಕೆಂಡಿಗೆ ಸುಮಾರು ಒಂದು ಅಯುತ, ಎಂದರೆ ಹತ್ತು ಸಾವಿರ ಕ್ರಿಯೆಗಳನ್ನು ಮಾತ್ರ ಮಾಡಬಲ್ಲ ಯಂತ್ರವೊಂದರ ಮುಂದೆ ಕುಳಿತ ನಾಲ್ವರ ಕಥೆಯನ್ನು ಈ ಸಲ ನಿವೇದಿಸುತ್ತೇನೆ. ನಾಲ್ವರಲ್ಲಿ ಮೂವರ ಹೆಸರು ಲೋಕಪ್ರಸಿದ್ಧವಾಯಿತು. ಒಬ್ಬಳ ಹೆಸರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪುಟದ ಕೆಳಗಿನ ಅಡಿಟಿಪ್ಪಣಿಯಲ್ಲಿಯೇ ಉಳಿಯಿತು.

ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ, ಏಳು ಸಾವಿರ ಅಡಿಗಳಿಗೂ ಮಿಕ್ಕ ಎತ್ತರದ ಚಪ್ಪಟೆಯಾದ ಬೆಟ್ಟದ ಮೇಲೆ ಲಾಸ್ ಅಲಮೋಸ್ ಎಂಬ ಊರಿದೆ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ರಾಬರ್ಟ್ ಓಪನ್‌ಹೈಮರರ ಮೇಲ್ವಿಚಾರಣೆಯಲ್ಲಿ ಅಲ್ಲಿ ಗುಪ್ತವಾದ ಪ್ರಯೋಗಾಲಯವೊಂದು ಸ್ಥಾಪಿತವಾಯಿತು. ಅದರ ಉದ್ದೇಶ ಪರಮಾಣು ಅಸ್ತ್ರದ ನಿರ್ಮಾಣ. ಅಸ್ತ್ರದ ಗರ್ಭದಲ್ಲಿ ಏನು ನಡೆಯುವುದೆಂಬುದನ್ನು ಮೊದಲೇ ಕೈಯಿಟ್ಟು ನೋಡುವಂತಿಲ್ಲ, ಲೆಕ್ಕದಿಂದಲೇ ಊಹಿಸಬೇಕು. ಆ ಲೆಕ್ಕವನ್ನು ಮಾಡಿದವರು ಬಹುಮಟ್ಟಿಗೆ ಹೆಂಗಸರು. ಅವರಲ್ಲಿ ಅನೇಕರು ಅಲ್ಲಿಯ ವಿಜ್ಞಾನಿಗಳ ಪತ್ನಿಯರು. ಮಾರ್ಚೆಂಟ್ ಎಂಬ ಹೆಸರಿನ ಮೇಜಿನ ಲೆಕ್ಕಯಂತ್ರಗಳನ್ನು ಮುಂದಿಟ್ಟುಕೊಂಡು ಸಾಲಾಗಿ ಕುಳಿತು, ಒಬ್ಬಳು ಒಂದು ಕ್ರಿಯೆಯನ್ನು ಮಾಡಿ ಕಾಗದವನ್ನು ಪಕ್ಕದವಳಿಗೆ ಕೊಡುವುದು, ಅವಳು ಮುಂದಿನ ಕ್ರಿಯೆಯನ್ನು ಮಾಡಿ ಇನ್ನೊಬ್ಬಳಿಗೆ ದಾಟಿಸುವುದು, ಹೀಗೆ ಕೆಲಸ ಸಾಗುತ್ತಿತ್ತು. ‘ಕಂಪ್ಯೂಟರ್’ ಎಂಬ ಪದವು ಆಗ ಯಂತ್ರದ ಹೆಸರಾಗಿರಲಿಲ್ಲ. ಹೀಗೆ ಲೆಕ್ಕ ಮಾಡುವ ಮನುಷ್ಯರ ಹೆಸರಾಗಿತ್ತು. ಬಳಿಕ ರಂಧ್ರ ಕೊರೆದ ಕಾರ್ಡುಗಳಿಂದ ನಡೆಯುವ ಯಂತ್ರಗಳು ಬಂದವು. ಯಂತ್ರಕ್ಕೂ ಹೆಂಗಸರಿಗೂ ಒಂದೇ ಲೆಕ್ಕವನ್ನು ಕೊಟ್ಟು ಪಂದ್ಯವಿಟ್ಟಾಗ ಆರಂಭದಲ್ಲಿ ಅವರು ಯಂತ್ರಕ್ಕೆ ಸರಿಸಮನಾಗಿಯೇ ನಡೆದರಂತೆ. ಯಂತ್ರವು ಗೆದ್ದುದು ಅದಕ್ಕೆ ಆಯಾಸವಿಲ್ಲವಾದುದರಿಂದ.

ಆ ಲೆಕ್ಕದ ಫಲವೇನಾಯಿತೆಂಬುದನ್ನು ಮರೆಮಾಚಿ ಮುಂದೆ ಹೋಗುವುದು ಧರ್ಮವಲ್ಲ. 1945ರ ಜುಲೈ 16ರಂದು ಮರುಭೂಮಿಯಲ್ಲಿ ಪರೀಕ್ಷೆ ನಡೆಯಿತು. ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಾಸಾಕಿ ನಗರಗಳು ದಗ್ಧವಾದವು. ಅಂಕಿಗಳಿಗೆ ಪಾಪಪುಣ್ಯಗಳಿಲ್ಲ, ಅಂಕಿಗಳನ್ನು ಬಳಸುವವರಿಗೆ ಉಂಟು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಯುದ್ಧ ಮುಗಿದ ಮೇಲೆ ಅದೇ ಬೆಟ್ಟದ ಮೇಲೆ ನಿಕೊಲಸ್ ಮೆಟ್ರೊಪೊಲಿಸ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ವಿದ್ಯುತ್ ಗಣಕವೊಂದು ನಿರ್ಮಿತವಾಗಿ 1952ರಲ್ಲಿ ಕೆಲಸಕ್ಕೆ ತೊಡಗಿತು. ಅದರ ಹೆಸರು ‘ಮೇನಿಯಾಕ್’. ಸಾವಿರಾರು ನಿರ್ವಾತ ಕವಾಟಗಳಿಂದ, ಎಂದರೆ ಹಳೆಯ ರೇಡಿಯೋ ಪೆಟ್ಟಿಗೆಗಳಲ್ಲಿ ಬೆಳಗುತ್ತಿದ್ದ ಗಾಜಿನ ಬುರುಡೆಗಳಂಥವುಗಳಿಂದ, ಕೂಡಿದ ಯಂತ್ರವದು. ಅದರ ನೆನಪಿನಲ್ಲಿ ನಿಲ್ಲುತ್ತಿದ್ದ ಸಂಖ್ಯೆಗಳು ಒಂದು ಸಾವಿರದ ಇಪ್ಪತ್ತನಾಲ್ಕು ಮಾತ್ರ. ನಮ್ಮ ಮನೆಯ ಮಕ್ಕಳು ಕೈಯಲ್ಲಿ ಹಿಡಿದಿರುವ ದೂರವಾಣಿಯ ಮುಂದೆ ಅದು ಹಸುಳೆ. ಅಸ್ತ್ರದ ಲೆಕ್ಕಗಳ ನಡುವೆ ಅದಕ್ಕೆ ಬಿಡುವು ದೊರೆತಾಗ ಶುದ್ಧ ಜಿಜ್ಞಾಸೆಯ ಪ್ರಶ್ನೆಯೊಂದನ್ನು ಕೇಳಬಾರದೇಕೆ ಎಂಬ ಯೋಚನೆ ಎನ್ರಿಕೋ ಫರ್ಮಿಯವರಿಗೆ ಬಂದಿತು. ಇಟಲಿಯಲ್ಲಿ ಹುಟ್ಟಿ, 1938ರಲ್ಲಿ ನೊಬೆಲ್ ಪಾರಿತೋಷಕ ಪಡೆದು, ಆ ಬಳಿಕ ಅಮೆರಿಕಕ್ಕೆ ಬಂದು ನೆಲೆಸಿದ ಈ ಮಹನೀಯರು ಬೇಸಿಗೆಯಲ್ಲಿ ಲಾಸ್ ಅಲಮೋಸಿಗೆ ಬರುತ್ತಿದ್ದರು. ಅವರ ಜೊತೆಗಾರರು ಪೋಲೆಂಡಿನಿಂದ ಬಂದ ಗಣಿತಜ್ಞ ಸ್ಟ್ಯಾನಿಸ್ಲಾವ್ ಊಲಮ್, ಮತ್ತು ಭೌತಶಾಸ್ತ್ರವನ್ನು ಪೂರ್ತಿಮಾಡುವ ಮುನ್ನ ನ್ಯೂಯಾರ್ಕ್ ನಗರದಲ್ಲಿ ಪೋಲೀಸಿನವರಾಗಿ ಕೆಲಸ ಮಾಡಿದ್ದ ಜಾನ್ ಪಾಸ್ತಾ.

ಪ್ರಶ್ನೆ ಏನೆಂದರೆ ಇದು. ತಂಬೂರಿಯ ತಂತಿಯನ್ನು ಮೀಟಿದಾಗ ನಮಗೆ ಒಂದೇ ಸ್ವರ ಕೇಳಿದಂತೆ ತೋರಿದರೂ, ಕಿವಿ ಪಳಗಿದವರಿಗೆ ಆ ಸ್ವರದೊಳಗೆ ಇನ್ನೂ ಅನೇಕ ಸ್ವರಗಳು ಕೇಳಿಸುವುದು ಸರ್ವವಿದಿತ. ತಂತಿ ಇಡಿಯಾಗಿ ಒಂದೇ ಕಮಾನಿನಂತೆ ಆಡುವುದು ಒಂದು ರೂಪ. ಎರಡು ಭಾಗವಾಗಿ ಆಡುವುದು ಎರಡನೆಯದು. ಮೂರು ಭಾಗವಾಗಿ ಆಡುವುದು ಮೂರನೆಯದು. ಹೀಗೆ ಕಂಪನರೂಪಗಳು ಅನೇಕವಿವೆ. ತಂತಿಯನ್ನು ಎಳೆದಷ್ಟೇ ಅದು ಹಿಂದಕ್ಕೆಳೆಯುತ್ತದೆ, ಎರಡರಷ್ಟು ಎಳೆದರೆ ಸರಿಯಾಗಿ ಎರಡರಷ್ಟು ಹಿಂದಕ್ಕೆಳೆಯುತ್ತದೆ ಎಂದು ಭಾವಿಸಿದರೆ, ಒಂದು ರೂಪದಲ್ಲಿರುವ ಶಕ್ತಿಯು ಇನ್ನೊಂದಕ್ಕೆ ಎಂದಿಗೂ ಹೋಗಲಾರದೆಂದು ಗಣಿತಶಾಸ್ತ್ರವು ಸಿದ್ಧಮಾಡಿ ತೋರಿಸಿದೆ. ಒಂದೇ ಮನೆಯಲ್ಲಿದ್ದರೂ ಮಾತನಾಡದ ದಾಯಾದಿಗಳಂತೆ ಅವು ತಮ್ಮ ತಮ್ಮ ಪಾಲನ್ನು ಹಿಡಿದುಕೊಂಡಿರುತ್ತವೆ. ಆದರೆ ಲೋಕದಲ್ಲಿ ಯಾವ ತಂತಿಯೂ ಅಷ್ಟು ನಿಯತವಲ್ಲ. ಎಳೆತ ಹೆಚ್ಚಿದಂತೆ ಪ್ರತಿಬಲವು ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚುಕಡಮೆಯಾಗುತ್ತದೆ. ಈ ಸಣ್ಣ ವಕ್ರತೆಯನ್ನು ಸೇರಿಸಿದರೆ ರೂಪರೂಪಗಳ ನಡುವಣ ಗೋಡೆ ಬಿರಿದು ಶಕ್ತಿಯು ಒಂದರಿಂದೊಂದಕ್ಕೆ ಹರಿಯತೊಡಗಬೇಕು. ಬಹುಕಾಲ ಕಳೆದ ಮೇಲೆ ಎಲ್ಲ ರೂಪಗಳೂ ಸಮಪಾಲನ್ನು ಪಡೆದು ನಿಲ್ಲಬೇಕು. ನೀರಿನ ಲೋಟದಲ್ಲಿ ಬಿದ್ದ ಶಾಯಿಯ ಹನಿಯು ಹರಡಿ ಹರಡಿ ಇಡೀ ನೀರಿಗೆ ಒಂದೇ ಬಣ್ಣ ಬರುವಂತೆ. ಶಾಖದ ಶಾಸ್ತ್ರವೆಲ್ಲ ನಿಂತಿರುವುದು ಇಂತಹ ಸಮವಿಭಜನೆಯ ನಂಬಿಕೆಯ ಮೇಲೆ. ಈ ಹರಡಿಕೆಗೆ ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ಲೆಕ್ಕಹಾಕಿ ಕಣ್ಣಾರೆ ಕಾಣಬೇಕೆಂಬುದು ಫರ್ಮಿಯವರ ಅಪೇಕ್ಷೆ. ಹರಡುವುದೋ ಇಲ್ಲವೋ ಎಂಬ ಸಂಶಯವೇ ಅವರಿಗಿರಲಿಲ್ಲ.

ಲೆಕ್ಕ ಹಾಕುವ ಕ್ರಮವು ಸರಳವಾದುದು. ಶ್ರಮ ಮಾತ್ರ ಅಪಾರ. ತಂತಿಗೆ ಬದಲಾಗಿ ಒಂದು ಸಾಲಿನಲ್ಲಿ ಮೂವತ್ತೆರಡೋ ಅರುವತ್ತನಾಲ್ಕೋ ಮಣಿಗಳು, ಮಣಿಗೂ ಮಣಿಗೂ ನಡುವೆ ಒಂದೊಂದು ಸುರುಳಿ ಎಂದು ಭಾವಿಸತಕ್ಕದ್ದು. ಈ ಕ್ಷಣದಲ್ಲಿ ಪ್ರತಿಯೊಂದು ಮಣಿಯೂ ಎಲ್ಲಿದೆ ಎಂಬುದು ತಿಳಿದಿದ್ದರೆ, ಎಡಬಲದ ಸುರುಳಿಗಳು ಅದನ್ನು ಎಷ್ಟು ಎಳೆಯುತ್ತವೆಂಬುದು ತಿಳಿಯುತ್ತದೆ. ಎಳೆತ ತಿಳಿದರೆ ಅತ್ಯಲ್ಪ ಕಾಲದ ಬಳಿಕ ಅದು ಎಲ್ಲಿರುವುದೆಂಬುದು ತಿಳಿಯುತ್ತದೆ. ಎಲ್ಲ ಮಣಿಗಳ ಹೊಸ ಸ್ಥಾನಗಳನ್ನೂ ಬರೆದುಕೊಂಡು ಮತ್ತೆ ಮೊದಲಿನಿಂದ ಅದೇ ಕ್ರಿಯೆ. ದಿನವಹಿ ಪುಸ್ತಕದಲ್ಲಿ ನಿನ್ನೆಯ ಬಾಕಿಯನ್ನು ತಂದು ಇಂದಿನ ಜಮಾಖರ್ಚನ್ನು ಬರೆದು ನಾಳೆಗೆ ಬಾಕಿ ತೆಗೆಯುವಂತೆಯೇ ಇದೂ. ಒಂದು ಮಣಿಗೆ ಹತ್ತು ಕ್ರಿಯೆಗಳೆಂದು ಇಟ್ಟುಕೊಂಡರೆ ಅರುವತ್ತನಾಲ್ಕು ಮಣಿಗಳಿಗೆ ಒಂದು ಸುತ್ತಿಗೆ ಆರುನೂರ ನಲವತ್ತು. ಮೂವತ್ತು ಸಾವಿರ ಸುತ್ತಿಗೆ ಒಂದು ಕೋಟಿ ತೊಂಬತ್ತೆರಡು ಲಕ್ಷ. ಕ್ರಿಯೆಯೊಂದಕ್ಕೆ ಹತ್ತು ಸೆಕೆಂಡಿನಂತೆ, ಊಟ ನಿದ್ರೆಗಳಿಲ್ಲದೆ ಒಬ್ಬರೇ ಮಾಡಿದರೆ ಆರು ವರ್ಷಗಳು ಹಿಡಿಯುತ್ತವೆ. ಮೇನಿಯಾಕಿಗೆ ಅದು ಗಂಟೆಗಳ ಮಾತು.

ಆದರೆ ಯಂತ್ರಕ್ಕೆ ಇದನ್ನು ಹೇಳುವವರಾರು? ಅದಕ್ಕೆ ಇಂಗ್ಲಿಷೂ ತಿಳಿಯದು, ಬೀಜಗಣಿತವೂ ತಿಳಿಯದು. ಇಂದು ಗಣಕಗಳಿಗೆ ಆಜ್ಞೆ ಬರೆಯಲು ಅನೇಕ ಸುಲಭ ಭಾಷೆಗಳಿವೆ; ಅವುಗಳಲ್ಲಿ ಹಿರಿಯದಾದ ಫೋರ್ಟ್ರಾನ್ ಸಹ 1957ರಲ್ಲಿ ಬಂದದ್ದು. ಆಗ ಪ್ರತಿಯೊಂದು ಸಂಖ್ಯೆಯೂ ಯಂತ್ರದ ಯಾವ ಗೂಡಿನಲ್ಲಿರಬೇಕು, ಯಾವ ಗೂಡಿನಿಂದ ತೆಗೆದು ಯಾವುದಕ್ಕೆ ಕೂಡಿಸಬೇಕು, ಯಾವಾಗ ಹಿಂದಿರುಗಿ ಮತ್ತೆ ಆರಂಭಿಸಬೇಕು ಎಂಬುದನ್ನೆಲ್ಲ ಯಂತ್ರದ ಸ್ವಂತ ಸಂಕೇತಗಳಲ್ಲಿ ಒಂದೊಂದಾಗಿ ಬರೆಯಬೇಕಾಗಿತ್ತು. ಒಂದು ಸಂಕೇತ ತಪ್ಪಿದರೆ ಫಲವೆಲ್ಲ ಅಬದ್ಧ. ಈ ಕೆಲಸವನ್ನು ಮಾಡಿದವಳು ಮೇರಿ ತ್ಸಿಂಗು ಎಂಬ ತರುಣಿ.

ಈಕೆ 1928ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಗ್ರೀಕ್ ಮೂಲದ ಕುಟುಂಬದಲ್ಲಿ ಹುಟ್ಟಿದವಳು. ಎಳವೆಯಲ್ಲಿ ಮನೆಯವರು ಯೂರೋಪಿಗೆ ಹೋಗಿ ಬಲ್ಗೇರಿಯದಲ್ಲಿ ಕೆಲವು ವರ್ಷ ನೆಲಸಿ, 1940ರಲ್ಲಿ, ಯುದ್ಧದ ದಳ್ಳುರಿ ಹಬ್ಬುತ್ತಿದ್ದ ಕಾಲದಲ್ಲಿ, ಅಮೆರಿಕಕ್ಕೆ ಹಿಂದಿರುಗಿದರು. ಮೇರಿ 1951ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪದವೀಧರೆಯಾದಳು. ಮುಂದೆ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಗಣಿತದಲ್ಲಿ ಉನ್ನತ ಪದವಿಯನ್ನು ಪಡೆದಳು. ಆಗ ಕೊರಿಯಾ ಯುದ್ಧಕ್ಕೆ ತರುಣರು ಹೋದುದರಿಂದ ಗಣಿತ ಬಲ್ಲ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿತ್ತು. ಲಾಸ್ ಅಲಮೋಸಿಗೆ ಅರ್ಜಿ ಹಾಕೆಂದು ಅವಳಿಗೆ ಹೇಳಿದವರು ಅವಳಿಗೆ ಅವಕಲ ಸಮೀಕರಣಗಳನ್ನು ಕಲಿಸುತ್ತಿದ್ದ ಗುರುಗಳು. ಅವರೂ ಒಬ್ಬ ಮಹಿಳೆ. ಶಿಷ್ಯೆಯ ಯೋಗ್ಯತೆಯನ್ನು ಕಂಡು, ಸಮಯದಲ್ಲಿ ಆಡಿದ ಒಂದು ಮಾತು ಎಷ್ಟು ದೂರ ಒಯ್ಯುತ್ತದೆಂಬುದನ್ನು ಉಪಾಧ್ಯಾಯರಾದವರು ಇಲ್ಲಿ ನೋಡಬೇಕು. 1952ರಲ್ಲಿ ಅವಳು ಅಲ್ಲಿಗೆ ಬಂದು ಮೊದಲು ಕೈಲೆಕ್ಕದ ವಿಭಾಗದಲ್ಲಿದ್ದು, ಅಲ್ಲಿಂದ ಮೇನಿಯಾಕ್ ಯಂತ್ರದ ಬಳಿಗೆ ಬಂದಳು.

ಲೆಕ್ಕ ಆರಂಭವಾಯಿತು. ಮೊದಲು ಎಲ್ಲ ಶಕ್ತಿಯನ್ನೂ ಒಂದೇ ಕಮಾನಿನ ಮೊದಲನೆಯ ರೂಪದಲ್ಲಿ ಇಟ್ಟರು. ಸುತ್ತುಗಳು ಉರುಳಿದವು. ನಿರೀಕ್ಷಿಸಿದಂತೆಯೇ ಮೊದಲನೆಯ ರೂಪವು ಕ್ಷೀಣಿಸಿತು; ಎರಡನೆಯದು ಬೆಳೆಯಿತು; ಬಳಿಕ ಮೂರನೆಯದು, ನಾಲ್ಕನೆಯದು. ಹನಿ ಹರಡುತ್ತಿದೆ ಎಂದೇ ಎಲ್ಲರೂ ಭಾವಿಸಿದರು. ಯಂತ್ರವನ್ನು ನಿಲ್ಲಿಸುವುದನ್ನು ಮರೆತು ಒಂದು ದಿನ ಬಹುಕಾಲ ಓಡಲು ಬಿಟ್ಟುದರಿಂದ ಮುಂದಿನ ಸೋಜಿಗವು ಹೊರಬಿದ್ದಿತೆಂದು ಒಂದು ಕಥೆಯೂ ಪ್ರಚಾರದಲ್ಲಿದೆ. ಅದೇನೇ ಇರಲಿ, ಹತ್ತಾರು ಸಾವಿರ ಸುತ್ತುಗಳ ತರುವಾಯ ನೋಡುವಾಗ ಶಕ್ತಿಯು ಎಲ್ಲ ರೂಪಗಳಿಗೂ ಹಂಚಿಹೋಗಿರಲಿಲ್ಲ. ಕೆಲವೇ ರೂಪಗಳಲ್ಲಿ ಅತ್ತಿತ್ತ ಅಲೆದಾಡಿ, ಹೊರಟ ಮನೆಗೆ ಹಿಂದಿರುಗಿದ ಪಯಣಿಗನಂತೆ, ಅತ್ಯಲ್ಪ ಭಾಗವನ್ನು ಬಿಟ್ಟು ಮಿಕ್ಕೆಲ್ಲವೂ ಮೊದಲನೆಯ ರೂಪಕ್ಕೆ ಮರಳಿ ಬಂದಿತ್ತು. ನೀರಿನಲ್ಲಿ ಕದಡಿದ ಶಾಯಿಯು ತಾನಾಗಿಯೇ ಮತ್ತೆ ಒಟ್ಟುಗೂಡಿ ಹನಿಯಾದಂತೆ!

ಯಂತ್ರ ತಪ್ಪಿತೇನೋ ಎಂದು ಯಾರಿಗಾದರೂ ಮೊದಲು ತೋರುವುದು ಸಹಜ. ಆದರೆ ಲೆಕ್ಕಕ್ಕೆ ತಾಳೆ ನೋಡುವ ಉಪಾಯವು ಈ ಪ್ರಶ್ನೆಯಲ್ಲಿಯೇ ಇತ್ತು: ಶಕ್ತಿಯು ಎತ್ತ ಹರಿದರೂ ಅದರ ಒಟ್ಟು ಮೊತ್ತ ಬದಲಾಗಕೂಡದು. ಮಣಿಗಳ ಸಂಖ್ಯೆಯನ್ನು ಬದಲಿಸಿ ನೋಡಿದರು. ವಕ್ರತೆಯ ಪ್ರಕಾರವನ್ನು ಬದಲಿಸಿ ನೋಡಿದರು. ಬೇರೆ ಬೇರೆ ಪರೀಕ್ಷೆಗಳಲ್ಲಿಯೂ ಸಮವಿಭಜನೆಯ ಸುಳಿವು ಕಾಣಲಿಲ್ಲ. ತಪ್ಪಿದ್ದುದು ಯಂತ್ರವಲ್ಲ, ಮಹಾಮೇಧಾವಿಗಳ ನಿರೀಕ್ಷೆ.

ಫರ್ಮಿಯವರು ಇದರ ಬರಹರೂಪವನ್ನು ಕಾಣಲಿಲ್ಲ. 1954ರ ನವೆಂಬರ್ 28ರಂದು ಅವರು ಜಠರದ ಅರ್ಬುದರೋಗದಿಂದ ತೀರಿಕೊಂಡರು, ವಯಸ್ಸು ಐವತ್ತಮೂರು. 1955ರ ಮೇ ತಿಂಗಳಿನ ವರದಿಯು ಫರ್ಮಿ, ಪಾಸ್ತಾ, ಊಲಮ್ ಎಂಬ ಮೂವರ ಹೆಸರಿನಲ್ಲಿ ಹೊರಬಿದ್ದಿತು. ಅದು ಪ್ರಯೋಗಾಲಯದ ಒಳಗಿನ ವರದಿಯಾಗಿಯೇ ಉಳಿದು, ಹತ್ತು ವರ್ಷದ ಮೇಲೆ 1965ರಲ್ಲಿ ಫರ್ಮಿಯವರ ಸಮಗ್ರ ಲೇಖನಗಳ ಸಂಪುಟದಲ್ಲಿ ಅಚ್ಚಾಯಿತು. ಅದೇ ವರ್ಷ ನಾರ್ಮನ್ ಝಬುಸ್ಕಿ, ಮಾರ್ಟಿನ್ ಕ್ರುಸ್ಕಲ್ ಎಂಬಿಬ್ಬರು ಈ ಒಗಟನ್ನು ಬಿಡಿಸಲು ಹೊರಟು, ಅದೂ ಗಣಕದ ನೆರವಿನಿಂದಲೇ, ಒಂದು ಹೊಸ ತತ್ತ್ವವನ್ನು ಕಂಡರು. ಕೆಲವು ಅಲೆಗಳು ಒಂದಕ್ಕೊಂದು ಎದುರಾದರೂ ಕದಡಿಹೋಗದೆ, ಒಂದನ್ನೊಂದು ಹಾದುಹೋಗಿ, ತಮ್ಮ ಆಕಾರವನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ. ಅವುಗಳಿಗೆ ‘ಸಾಲಿಟಾನ್’ ಎಂದು ಹೆಸರಿಟ್ಟರು. ನಾವು ಏಕಾಕಿ ತರಂಗವೆನ್ನಬಹುದು. 1834ರಲ್ಲಿಯೇ ಸ್ಕಾಟ್ಲೆಂಡಿನ ಎಡಿನ್‌ಬರೊ ಬಳಿಯ ಕಾಲುವೆಯಲ್ಲಿ ಜಾನ್ ಸ್ಕಾಟ್ ರಸೆಲ್ ಎಂಬ ಎಂಜಿನಿಯರು, ದೋಣಿ ನಿಂತರೂ ತಾನು ನಿಲ್ಲದೆ ಆಕಾರಗೆಡದೆ ಸಾಗಿದ ಇಂತಹ ಅಲೆಯೊಂದನ್ನು ಕುದುರೆಯೇರಿ ಮೈಲಿಗಟ್ಟಲೆ ಹಿಂಬಾಲಿಸಿದ್ದನು. ಅವನ ಕಣ್ಣು ಕಂಡದ್ದಕ್ಕೂ ಯಂತ್ರದ ಅಂಕಿ ಕಂಡದ್ದಕ್ಕೂ ನೂರಮೂವತ್ತು ವರ್ಷಗಳ ಮೇಲೆ ಸಂಬಂಧ ಏರ್ಪಟ್ಟಿತು. ಗಾಜಿನ ಎಳೆಗಳಲ್ಲಿ ಬೆಳಕಿನ ಮಿಡಿತಗಳು ಕೆಡದೆ ಸಾಗುವ ಬಗೆಯನ್ನು ಅರಿಯುವುದಕ್ಕೂ ಈ ತತ್ತ್ವವು ನೆರವಾಗಿದೆ.

ಈಗ ಅಡಿಟಿಪ್ಪಣಿಯ ವಿಷಯಕ್ಕೆ ಬರುತ್ತೇನೆ. 1955ರ ವರದಿಯ ಮೊದಲ ಪುಟದ ಕೆಳಗೆ, ಲೆಕ್ಕವನ್ನು ಯಂತ್ರಕ್ಕೆ ಸಮರ್ಪಕವಾಗಿ ಅಳವಡಿಸಿ ನಡೆಸಿಕೊಟ್ಟುದಕ್ಕಾಗಿ ಕುಮಾರಿ ಮೇರಿ ತ್ಸಿಂಗುವಿಗೆ ಕೃತಜ್ಞತೆ ಸಲ್ಲಿಸಿದೆ. ಕೃತಜ್ಞತೆಯೇನೋ ಸಂದಿತು, ಕರ್ತೃತ್ವ ಸಲ್ಲಲಿಲ್ಲ. ಸಮಸ್ಯೆಯು ಮೂವರ ಹೆಸರಿನಿಂದಲೇ ಲೋಕದಲ್ಲೆಲ್ಲ ವಿಖ್ಯಾತವಾಯಿತು. 1958ರಲ್ಲಿ ಅವಳಿಗೆ ಮದುವೆಯಾಗಿ ಮೆನ್ಸೆಲ್ ಎಂಬ ಹೆಸರು ಬಂದಿತು. 1972ರಲ್ಲಿ ಅವಳು ಜೇಮ್ಸ್ ಟಕ್ ಎಂಬ ವಿಜ್ಞಾನಿಯೊಡನೆ ಅದೇ ತಂತಿಯ ಲೆಕ್ಕವನ್ನು ಇನ್ನೂ ಬಹುದೂರ ನಡೆಸಿ, ಶಕ್ತಿಯು ಪ್ರತಿ ಸಲ ಮರಳಿದಾಗಲೂ ಉಳಿಯುವ ಅಲ್ಪ ಕೊರತೆ ಸಹ ಕೆಲವು ಆವರ್ತಗಳ ಮೇಲೆ ತುಂಬಿಬರುತ್ತದೆಂದು, ಎಂದರೆ ಆವರ್ತದ ಮೇಲೊಂದು ಮಹಾವರ್ತವಿದೆಯೆಂದು, ಪ್ರಕಟಿಸಿದಳು. ಆದರೆ ಆ ಲೇಖನದ ಶ್ರೀಮತಿ ಮೆನ್ಸೆಲ್ ಅವರೇ ಹಿಂದಿನ ಅಡಿಟಿಪ್ಪಣಿಯ ಕುಮಾರಿ ತ್ಸಿಂಗು ಎಂಬುದನ್ನು ಬಹಳ ಮಂದಿ ಗಮನಿಸಲೇ ಇಲ್ಲ. 2008ರಲ್ಲಿ ಫ್ರಾನ್ಸ್ ದೇಶದ ಭೌತಶಾಸ್ತ್ರಜ್ಞರೊಬ್ಬರು ಈ ವೃತ್ತಾಂತವನ್ನೆಲ್ಲ ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಬರೆದು, ಇನ್ನು ಮುಂದೆ ನಾಲ್ವರ ಹೆಸರನ್ನೂ ಹೇಳತಕ್ಕದ್ದೆಂದು ವಾದಿಸಿದರು. ಈಗ ಅನೇಕ ವಿದ್ವಾಂಸರು ಫರ್ಮಿ–ಪಾಸ್ತಾ–ಊಲಮ್–ತ್ಸಿಂಗು ಸಮಸ್ಯೆ ಎಂದೇ ಬರೆಯುತ್ತಾರೆ. ಐವತ್ತಮೂರು ವರ್ಷ ಹಿಡಿದ ತಿದ್ದುಪಡಿಯಿದು.

ಯಂತ್ರಗಳು ಈ ನಡುವೆ ಬೆಳೆದ ಪರಿಯನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಅಮೆರಿಕವು ಪರಮಾಣು ಅಸ್ತ್ರದ ಆಸ್ಫೋಟನ ಪರೀಕ್ಷೆಯನ್ನು ಕೊನೆಯ ಬಾರಿಗೆ 1992ರ ಸೆಪ್ಟೆಂಬರಿನಲ್ಲಿ ನಡೆಸಿತು. ಆ ಬಳಿಕ ಉಗ್ರಾಣದಲ್ಲಿರುವ ಅಸ್ತ್ರಗಳ ಸ್ಥಿತಿಯನ್ನು ತಿಳಿಯಲು ಲೆಕ್ಕವನ್ನೇ ಬಹುಮಟ್ಟಿಗೆ ಆಶ್ರಯಿಸಬೇಕಾಯಿತು. ಮಹಾಗಣಕಗಳಿಗೆ ಅಷ್ಟು ಧನ ಹರಿದುಬಂದುದಕ್ಕೆ ಇದೊಂದು ಮುಖ್ಯ ಕಾರಣ. 2008ರಲ್ಲಿ ಲಾಸ್ ಅಲಮೋಸಿನ ‘ರೋಡ್‌ರನ್ನರ್’ ಯಂತ್ರವು ಸೆಕೆಂಡಿಗೆ ಒಂದು ಅಂತ್ಯ, ಎಂದರೆ ಹದಿನೈದು ಸೊನ್ನೆಗಳ ಸಂಖ್ಯೆಯನ್ನು, ಮೊತ್ತಮೊದಲು ದಾಟಿತು. ಮಕ್ಕಳ ಆಟದ ಯಂತ್ರಕ್ಕಾಗಿ ನಿರ್ಮಿಸಿದ್ದ ಗಣಕಾಂಗದ ಸುಧಾರಿತ ರೂಪವೇ ಅದರೊಳಗಿತ್ತೆಂಬುದು ಒಂದು ವಿನೋದ. ಅಷ್ಟು ಕೀರ್ತಿಯ ಯಂತ್ರವನ್ನು ಐದೇ ವರ್ಷದಲ್ಲಿ, 2013ರಲ್ಲಿ, ನಿಲ್ಲಿಸಿಬಿಟ್ಟರು. ಫ್ರಾಂಟಿಯರಿನಲ್ಲಿ ಮೂವತ್ತೇಳು ಸಾವಿರಕ್ಕೂ ಮಿಕ್ಕು ಚಿತ್ರಗಣಕಾಂಗಗಳು ಏಕಕಾಲದಲ್ಲಿ ಲೆಕ್ಕವನ್ನು ಹಂಚಿಕೊಂಡು ಮಾಡುತ್ತವೆ. ಸಾಲಾಗಿ ಕುಳಿತು ಕಾಗದ ದಾಟಿಸುತ್ತಿದ್ದ ಹೆಂಗಸರ ಪದ್ಧತಿಯಲ್ಲಿಯೂ ಇದರಲ್ಲಿಯೂ ತತ್ತ್ವ ಒಂದೇ: ಕೆಲಸವನ್ನು ಹಂಚಿಕೊಳ್ಳುವುದು. ಅದು ಒಂದು ಸೆಕೆಂಡಿನಲ್ಲಿ ಮಾಡುವುದನ್ನು ಮೇನಿಯಾಕ್ ಮಾಡಬೇಕಾದರೆ ಮೂವತ್ತು ಲಕ್ಷ ವರ್ಷಗಳಿಗೂ ಮಿಕ್ಕು ಬೇಕು. ಇಡೀ ಭೂಮಂಡಲದ ವಾಯುಮಂಡಲವನ್ನು ಮೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ಚೌಕಗಳಾಗಿ ಭಾಗಿಸಿ, ಒಂದು ದಿನದ ಲೆಕ್ಕದಲ್ಲಿ ಒಂದು ವರ್ಷಕ್ಕೂ ಮಿಕ್ಕ ಹವೆಯನ್ನು ಅದರ ಮೇಲೆ ಗಣಿಸಿದ ವಿಜ್ಞಾನಿಗಳಿಗೆ 2023ರಲ್ಲಿ ಪಾರಿತೋಷಕವೊಂದು ದೊರೆಯಿತು. ಮಳೆಯನ್ನೇ ನಂಬಿ ಬಾಳುವ ನಮಗೆ ಅಸ್ತ್ರದ ಲೆಕ್ಕಕ್ಕಿಂತ ಇದು ಹತ್ತಿರದ ಮಾತು.

ನಮ್ಮ ನಾಡೂ ಈ ವಿದ್ಯೆಗೆ ಹೊರಗಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಗಣಕವು ಸಿದ್ಧವಾಯಿತು. ನಾಲ್ಕು ಸಣ್ಣ ಗಣಕಾಂಗಗಳನ್ನು ಒಂದುಗೂಡಿಸಿ ವಾಯುಪ್ರವಾಹದ ಲೆಕ್ಕಗಳನ್ನು ಅದರಿಂದ ಮಾಡಿಸಿದರು. ಭಾರತದಲ್ಲಿ ಹೀಗೆ ಏಕಕಾಲಕ್ಕೆ ಹಂಚಿ ಗಣಿಸುವ ಯಂತ್ರಗಳಲ್ಲಿ ಅದೇ ಮೊದಲನೆಯದೆಂದು ಪ್ರತೀತಿ. 2022ರಲ್ಲಿ ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಪರಮ ಪ್ರವೇಗ’ವು ಸ್ಥಾಪಿತವಾಯಿತು, ಅದರ ಶಕ್ತಿ ಸೆಕೆಂಡಿಗೆ ಮೂರು ಅಂತ್ಯಕ್ಕೂ ಮಿಕ್ಕು.

ಇಲ್ಲಿ ನನ್ನಂಥ ಸಂಸ್ಕೃತದ ಉಪಾಧ್ಯಾಯನಿಗೆ ಸಹಜವಾಗಿ ಒಂದು ಜಿಜ್ಞಾಸೆ ಹುಟ್ಟುತ್ತದೆ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಹೇಳಿದರು. ಯಂತ್ರದ ಲೆಕ್ಕದಿಂದ ತಿಳಿಯುವುದು ಇವುಗಳಲ್ಲಿ ಯಾವುದು? ಕಣ್ಣ ಮುಂದೆ ನಡೆದಂತೆ ತೋರಿದರೂ ಪ್ರತ್ಯಕ್ಷವಲ್ಲ. ಏಕೆಂದರೆ ನಿಜವಾದ ತಂತಿಯು ಅಲ್ಲಿರಲೇ ಇಲ್ಲ. ಅದು ಅನುಮಾನವೇ, ಆದರೆ ಮನುಷ್ಯನ ಮನಸ್ಸು ಹಿಡಿಯಲಾರದಷ್ಟು ಉದ್ದವಾದ ಅನುಮಾನದ ಸರಪಳಿ. ಸರಪಳಿಯ ಮೊದಲ ಕೊಂಡಿ, ಎಂದರೆ ಹೇತು, ಸರಿಯಾಗಿದ್ದರೆ ಫಲವೂ ಸರಿ. ಹೇತುವೇ ಆಭಾಸವಾದರೆ ಪರಾರ್ಧ ಕ್ರಿಯೆಗಳೂ ಅದನ್ನು ಸತ್ಯವಾಗಿಸಲಾರವು. ಆದುದರಿಂದಲೇ ತಾಳೆ ನೋಡುವ ವಿವೇಕ ಬೇಕು; ಕಟ್ಟಕಡೆಗೆ ಲೋಕವನ್ನೇ ಕೇಳಬೇಕು. ಹಾಗಿದ್ದರೂ ಈ ಅನುಮಾನಕ್ಕೆ ಒಂದು ವಿಶೇಷ ಗುಣವುಂಟು: ಅದು ದೊಡ್ಡವರ ಮುಖ ನೋಡಿ ಮಾತನಾಡುವುದಿಲ್ಲ. ಫರ್ಮಿಯವರಂತಹವರ ನಿರೀಕ್ಷೆಗೂ ಅದು ಇಲ್ಲವೆಂದಿತು. ಯಾವ ಪ್ರಶ್ನೆಯನ್ನು ಕೇಳಬೇಕು, ನಗರವನ್ನು ಸುಡುವ ಪ್ರಶ್ನೆಯನ್ನೋ ಮಳೆಯ ಪ್ರಶ್ನೆಯನ್ನೋ, ಎಂಬುದನ್ನು ಮಾತ್ರ ಅದು ಹೇಳಿಕೊಡುವುದಿಲ್ಲ. ಅದು ಕೇಳುವವರ ಹೊಣೆ. ಕೆಲಸ ಮಾಡಿದವರ ಹೆಸರನ್ನು ಎಲ್ಲಿ ಬರೆಯಬೇಕೆಂಬುದೂ ಹಾಗೆಯೇ.

ಈ ಕೊನೆಯ ಮಾತನ್ನು ಪರರಿಗೆ ಉಪದೇಶಿಸುವ ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾನು ಕೆಲಸದಲ್ಲಿದ್ದ ಶಾಲೆಯ ರಜತೋತ್ಸವದ ಸ್ಮರಣಸಂಚಿಕೆಗೆ ನಾನೇ ಸಂಪಾದಕ. ಇಪ್ಪತ್ತೈದು ವರ್ಷಗಳ ದಾಖಲೆ ಪುಸ್ತಕಗಳಿಂದ, ಯಾವ ವರ್ಷ ಎಷ್ಟು ಮಕ್ಕಳು ಸೇರಿದರು, ಎಷ್ಟು ಮಕ್ಕಳು ನಡುವೆ ಬಿಟ್ಟರು ಎಂಬುದನ್ನು ಲೆಕ್ಕಹಾಕಿ ಕೋಷ್ಟಕ ಮಾಡಲು ಗಣಿತದ ಸಹೋಪಾಧ್ಯಾಯಿನಿಯೊಬ್ಬರಿಗೆ ಹೇಳಿದೆ. ಹೆಣ್ಣುಮಕ್ಕಳು ಶಾಲೆ ಬಿಡುವುದು ಮದುವೆಯ ಕಾರಣದಿಂದಲೇ ಎಂದು ನನ್ನ ದೃಢವಾದ ನಂಬಿಕೆ. ಮುನ್ನುಡಿಯಲ್ಲಿ ಹಾಗೆಯೇ ಬರೆದೂ ಇಟ್ಟಿದ್ದೆ. ಆಕೆ ಎರಡು ತಿಂಗಳು ಸಂಜೆಯೆಲ್ಲ ಕುಳಿತು ಲೆಕ್ಕ ತೆಗೆದ ಮೇಲೆ ಬೇರೆಯೇ ಸಂಗತಿ ಹೊರಟಿತು. ಬಿಟ್ಟುಹೋದವರಲ್ಲಿ ಬಹುಪಾಲು ಮಕ್ಕಳು ಹಳ್ಳದಾಚೆಯ ಎರಡು ಹಳ್ಳಿಗಳವರು. ಅದೂ ಸಂಜೆಯ ಬಸ್ಸು ನಿಂತುಹೋದ ವರ್ಷದಿಂದ ಈಚೆಗೆ. ಕೋಷ್ಟಕವನ್ನು ತೋರಿಸಿ ಅರ್ಜಿ ಹಾಕಿದೆವು. ಬಸ್ಸು ಮತ್ತೆ ಬಂದಿತು. ಮುಂದಿನ ವರ್ಷ ಆ ಹಳ್ಳಿಗಳ ಹುಡುಗಿಯರು ಮತ್ತೆ ತರಗತಿಯಲ್ಲಿ ಕಾಣಿಸಿಕೊಂಡರು. ಸಂಚಿಕೆಯಲ್ಲಿ ಆ ಲೇಖನ ನನ್ನ ಹೆಸರಿನಲ್ಲಿ ಅಚ್ಚಾಯಿತು. ಕೊನೆಯ ಪುಟದಲ್ಲಿ ‘ಸಹಕರಿಸಿದ ಎಲ್ಲ ಸಹೋದ್ಯೋಗಿಗಳಿಗೂ ವಂದನೆಗಳು’ ಎಂದು ಒಂದು ಸಾಲು ಬರೆದೆ. ಮೇರಿ ತ್ಸಿಂಗುವಿಗೆ ಹೆಸರಾದರೂ ಸಿಕ್ಕಿತ್ತು. ಈಕೆಗೆ ಅದೂ ಇಲ್ಲ. ಆಕೆ ಒಂದು ಮಾತೂ ಆಡಲಿಲ್ಲ. ಆಡದಿದ್ದುದರಿಂದ ಸರಿಯಾಗಿಯೇ ಇರಬೇಕೆಂದು ನಾನೂ ಸುಮ್ಮನಿದ್ದೆ.

ಈ ಲೇಖನಕ್ಕಾಗಿ ಲಾಸ್ ಅಲಮೋಸಿನ ವೃತ್ತಾಂತವನ್ನು ಬರೆಯುತ್ತಿರುವಾಗ ಆ ಸಂಚಿಕೆಯು ನೆನಪಿಗೆ ಬಂದು ಲೇಖನಿ ಮುಂದೆ ಸಾಗಲಿಲ್ಲ. ಆಕೆಗೆ ಕಾಗದ ಬರೆದು ಕ್ಷಮೆ ಬೇಡಿದ್ದೇನೆ; ಹೆಸರನ್ನು ಇಲ್ಲಿ ಪ್ರಕಟಿಸಬಹುದೇ ಎಂದು ಕೇಳಿದೆನಾದರೂ, ಪತ್ರಿಕೆಯಲ್ಲಿ ಬೇಡ, ಶಾಲೆಯ ಪುಸ್ತಕದಲ್ಲಿ ಇದ್ದರೆ ಸಾಕು ಎಂದು ಉತ್ತರ ಬಂದಿತು. ಹೋದ ವಾರ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು, ಪುಸ್ತಕಾಲಯದ ಪ್ರತಿಯನ್ನು ತೆರೆದು, ಲೇಖನದ ತಲೆಯ ಮೇಲೆ ನನ್ನ ಹೆಸರಿಗಿಂತ ಮೊದಲು ಆಕೆಯ ಹೆಸರನ್ನು ಶಾಯಿಯಿಂದ ಬರೆದು ಬಂದೆ. ಅಕ್ಷರ ಸ್ವಲ್ಪ ನಡುಗಿದೆ, ಓದಲು ತೊಂದರೆಯಿಲ್ಲ.